ಕಾವಿಲ್ಲದ ಕೊಡಲಿ

ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂದು ನಮ್ಮ ಹಿರಿಯರು ಗಾದೆ ಕಟ್ಟಿ, ತನ್ನ ಜಾತಿಯ ಮರಗಳನ್ನೇ ಕಡಿಯುವುದಕ್ಕೆ ಕಬ್ಬಿಣದೊಡನೆ ಕೈಗೂಡಿಸಿದ ಆ ಮರದ ತುಂಡನ್ನು ತಲೆತಲಾಂತರದಿಂದ ಶಪಿಸುತ್ತ ಬಂದಿದ್ದಾರೆ. ಆದರೆ ಹಳೆಯ ಉಪಕರಣಗಳನ್ನು ಕುರಿತು ಕೊಂಚ ಕಾಲ ಚಿಂತಿಸಿದವನಿಗೆ ಈ ಕುಲದ್ರೋಹಿಯ ಮೇಲೆ ಕೋಪಕ್ಕಿಂತ ಕನಿಕರವೇ ಹೆಚ್ಚಾಗಿ ಹುಟ್ಟುತ್ತದೆ, ಏಕೆಂದರೆ ಕೊಡಲಿಯ ಎರಡು ಅಂಗಗಳಲ್ಲಿ ಮೊದಲು ಸಾಯುವುದು ಕಾವೇ. ಮಣ್ಣಿನೊಳಗೆ ಬಿದ್ದ ಕಬ್ಬಿಣ ತುಕ್ಕಿನ ರೂಪದಲ್ಲಾದರೂ ಬಹುಕಾಲ ಉಳಿಯುತ್ತದೆ. ಕಲ್ಲಾದರೆ ಸಹಸ್ರಾರು ವರ್ಷ ಕೆಡದೆ ಇರುತ್ತದೆ. ಮರವನ್ನೋ ಗೆದ್ದಲು ಕೆಲವೇ ಮಳೆಗಾಲಗಳಲ್ಲಿ ತಿಂದು ತೀರಿಸುತ್ತದೆ. ಕಾವು ಹೋದಾಗ ಅದರೊಡನೆ ಆ ಆಯುಧವನ್ನು ಹೇಗೆ ಬಿಗಿದಿದ್ದರು, ಒಂದು ಕೈಯಲ್ಲಿ ಹಿಡಿದರೋ ಎರಡು ಕೈಯಲ್ಲಿ ಎತ್ತಿದರೋ, ನಿಂತು ಬೀಸಿದರೋ ಕುಳಿತು ಕೆತ್ತಿದರೋ ಎಂಬ ತಿಳಿವೂ ಹೋಗುತ್ತದೆ. ಆದುದರಿಂದ ಹಳೆಯ ಹತ್ಯಾರವೊಂದನ್ನು ಕೈಗೆತ್ತಿಕೊಂಡು ಇದು ಏತಕ್ಕಾಗಿ ಹುಟ್ಟಿತೆಂದು ಕೇಳುವವನು ಅರ್ಧ ಆಯುಧವನ್ನು ಮಾತ್ರ ಹಿಡಿದಿರುತ್ತಾನೆ. ನಮ್ಮ ಭಾಷೆಯಲ್ಲಿ ಹರಿತವಾದ ಅಂಚಿಗೆ ಬಾಯಿ ಎಂದು ಹೆಸರು. ಉಳಿದಿರುವ ಈ ಅರ್ಧಕ್ಕೆ ಬಾಯಿಯೇನೋ ಇದೆ. ಅದನ್ನು ಮಾತನಾಡಿಸುವ ವಿದ್ಯೆ ಮನುಷ್ಯನಿಗೆ ಕೈಹತ್ತಿದ್ದು ಮಾತ್ರ ತೀರ ಈಚೆಗೆ.

ಬಳ್ಳಾರಿಯ ಸೆರಗಿನಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಊರುಗಳ ಬಳಿ, ಬಂಡೆಯ ಮೇಲೆ ಬಂಡೆಯನ್ನು ಯಾರೋ ಪೇರಿಸಿಟ್ಟು ಮರೆತುಹೋದಂತೆ ನಿಂತಿರುವ ಗ್ರಾನೈಟ್ ಗುಡ್ಡಗಳ ಗುಂಪೊಂದಿದೆ. ಅವುಗಳಲ್ಲಿ ಹಿರೇಗುಡ್ಡವೆಂಬುದರ ಮಾಸಲು ಮೈಯನ್ನು ಸೀಳಿಕೊಂಡು ಕರಿಯ ಶಿಲೆಯ ಪಟ್ಟೆಯೊಂದು ಹಾಯ್ದುಹೋಗಿದೆ. ಭೂವಿಜ್ಞಾನಿಗಳು ಡಾಲರೈಟ್ ಎಂದು ಕರೆಯುವ ಈ ಕಲ್ಲು ಸಣ್ಣ ಕಣದ್ದು, ಗಡುಸಾದದ್ದು, ಪೆಟ್ಟಿಗೆ ಸುಲಭವಾಗಿ ಒಡೆದು ಚೂರಾಗದೆ ಅಂಚನ್ನು ಹಿಡಿದು ನಿಲ್ಲತಕ್ಕದ್ದು. (ಕಪ್ಪಗಲ್ಲೆಂಬ ಹೆಸರಿನಲ್ಲಿ ಕಪ್ಪು ಕಲ್ಲು ಕೇಳಿಸುವುದು ನನ್ನ ಕಿವಿಯ ಚಾಪಲ್ಯವೇ ಆಗಿದ್ದರೂ ಆಗಿರಬಹುದು.) ಈ ಗುಡ್ಡಗಳ ಸುತ್ತಿನಲ್ಲಿಯೂ, ಬ್ರಹ್ಮಗಿರಿ, ಮಸ್ಕಿ, ತೆಕ್ಕಲಕೋಟೆ ಮೊದಲಾದ ಕಡೆಗಳಲ್ಲಿಯೂ, ಅಂಗೈಯಷ್ಟು ಉದ್ದದ, ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಬಿದಿಗೆಯ ಚಂದ್ರನಂತೆ ಬಾಗಿ ಹರಿತವಾಗಿರುವ ನುಣ್ಣನೆಯ ಕರಿಯ ಕಲ್ಲುಗಳು ದೊರೆತಿವೆ. ಕ್ರಿ.ಪೂ. 3000ದಿಂದ 1200ರ ವರೆಗೆ ಈ ನೆಲದಲ್ಲಿ ದನ ಸಾಕಿ, ಹುರುಳಿ ಹೆಸರುಗಳನ್ನೂ ಕೊರಲೆಯಂಥ ಕಿರುಧಾನ್ಯಗಳನ್ನೂ ಬೆಳೆದು ಬಾಳಿದ ನೂತನ ಶಿಲಾಯುಗದ ಜನರ ಕೊಡಲಿಗಳು ಇವು ಎಂದು ಈಗ ಶಾಲೆಯ ಹುಡುಗನೂ ಹೇಳಬಲ್ಲನು. ಆದರೆ ಹಾಗೆ ಹೇಳುವ ಸ್ಥಿತಿಗೆ ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಏಕೆಂದರೆ ಇಂಥ ಕಲ್ಲನ್ನು ಕಂಡ ಜನ, ಯಾವ ದೇಶದವರೇ ಆಗಲಿ, ಅದನ್ನು ಮನುಷ್ಯನ ಕೈಕೆಲಸವೆಂದು ಮೊದಲು ಭಾವಿಸಲಿಲ್ಲ. ಕಬ್ಬಿಣದ ಕೊಡಲಿಯನ್ನು ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೋದವನಿಗೆ ಕಲ್ಲಿನ ಕೊಡಲಿಯೆಂಬುದು ಕಲ್ಪನೆಗೆ ನಿಲುಕದ ವಸ್ತು. ಮಳೆ ಬಿದ್ದು ಮಣ್ಣು ಕೊಚ್ಚಿಹೋದ ಮೇಲೆ ನೆಲದಲ್ಲಿ ಹೊಳೆಯುತ್ತ ಕಾಣಿಸಿಕೊಂಡ ಆ ಕಲ್ಲು, ಹಿಂದಿನ ರಾತ್ರಿಯ ಗುಡುಗುಮಿಂಚುಗಳೊಡನೆ ಆಕಾಶದಿಂದ ಬಿದ್ದಿತೆಂದು ಅವನು ತರ್ಕಿಸಿದ್ದರಲ್ಲಿ ಅವಿವೇಕವೇನೂ ಇಲ್ಲ. ಗ್ರೀಕರೂ ರೋಮನರೂ ಇವನ್ನು ಸಿಡಿಲಿನ ಕಲ್ಲುಗಳೆಂದರು; ಯುರೋಪಿನ ಹಳ್ಳಿಗರು ಹದಿನೆಂಟನೆಯ ಶತಮಾನ ಕಳೆದ ಮೇಲೂ ಸಿಡಿಲು ಮತ್ತೆ ಬಡಿಯದಿರಲೆಂದು ಮನೆಯ ಮಾಡಿನಲ್ಲಿ ಇವನ್ನು ಸಿಕ್ಕಿಸಿಡುತ್ತಿದ್ದರು. ಈ ನಂಬಿಕೆಯನ್ನು ಮೊದಲು ಪ್ರಶ್ನಿಸಿದವರಲ್ಲಿ ಪೋಪರ ವೈದ್ಯನಾಗಿದ್ದ ಮಿಕೆಲೆ ಮೆರ್ಕಾಟಿಯೂ ಒಬ್ಬನು. ವ್ಯಾಟಿಕನ್ನಿನ ಖನಿಜಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಈತನು, ಕಬ್ಬಿಣವನ್ನು ಅರಿಯದ ಕಾಲದ ಮನುಷ್ಯರು ಚಕಮಕಿ ಕಲ್ಲನ್ನು ಒಡೆದು ಮಾಡಿಕೊಂಡ ಆಯುಧಗಳಿವು ಎಂದು ಬರೆದಿಟ್ಟು 1593ರಲ್ಲಿ ತೀರಿಕೊಂಡನು. ಆ ಬರಹ ಅಚ್ಚಾಗಿ ಹೊರಬರುವ ಹೊತ್ತಿಗೆ 1717 ಆಗಿತ್ತು. ಅದಾದ ಆರು ವರ್ಷಕ್ಕೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಆಂತ್ವಾನ್ ದ ಜೂಸ್ಯೂ ಎಂಬ ಸಸ್ಯಶಾಸ್ತ್ರಜ್ಞನು ಇನ್ನೊಂದು ದಾರಿಯಿಂದ ಅದೇ ಮಾತಿಗೆ ಬಂದನು. ಅವನು ಮಾಡಿದ್ದಿಷ್ಟೇ: ಅಮೆರಿಕದ ದ್ವೀಪಗಳಿಂದಲೂ ಕೆನಡಾದಿಂದಲೂ ಬಂದಿದ್ದ, ಅಲ್ಲಿನ ಜನ ಆಗಲೂ ಬಳಸುತ್ತಿದ್ದ ಕಲ್ಲಿನ ಕೊಡಲಿಗಳನ್ನು ತೋರಿಸಿ, ನಿಮ್ಮ ಸಿಡಿಲುಕಲ್ಲಿಗೂ ಇವಕ್ಕೂ ಏನು ಭೇದವೆಂದು ಕೇಳಿದನು. ಸತ್ತ ಆಯುಧದ ಉದ್ದೇಶವನ್ನು ಎಲ್ಲಿಯೋ ಬದುಕಿರುವ ಕೈಯಿಂದ ತಿಳಿಯಬೇಕೆಂಬ ಈ ಉಪಾಯ ನೋಡುವುದಕ್ಕೆ ಸಾಮಾನ್ಯವಾದದ್ದು. ಆದರೂ ಅಂದಿನಿಂದ ಇಂದಿನವರೆಗೆ ಅದನ್ನು ಮೀರಿಸುವ ಉಪಾಯ ಬಹಳವಾಗಿ ಸಿಕ್ಕಿಲ್ಲ.

ನಮ್ಮಲ್ಲಿ ಈ ಕಲ್ಲುಗಳಿಗೆ ಬೇರೊಂದು ಗತಿಯೂ ಒದಗಿತು. ಸೇಲಂ ಸೀಮೆಯ ಸೇರ್ವರಾಯನ್ ಬೆಟ್ಟಗಳ ನಿವಾಸಿಗಳು ನುಣುಪಾದ ಕಲ್ಲಿನ ಕೊಡಲಿಗಳನ್ನು ಆಯ್ದು ತಂದು ವಿಘ್ನೇಶ್ವರನ ಪುಟ್ಟ ಗುಡಿಗಳಲ್ಲಿ ಸಾಲಾಗಿ ಇಟ್ಟು ಪೂಜಿಸುತ್ತಿದ್ದರು. ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಕತ್ತಿ ಕುಡುಗೋಲು ನೇಗಿಲುಗಳಿಗೆ ಅರಿಸಿನ ಕುಂಕುಮವಿಟ್ಟು ಆಯುಧಪೂಜೆ ಮಾಡುವ ನಾಡಿನಲ್ಲಿ ಇದು ಸೋಜಿಗದ ಸಂಗತಿಯಲ್ಲ. ಸೋಜಿಗವಿರುವುದು, ಆಯುಧವೆಂದು ತಿಳಿಯದೆಯೇ ಅವರು ಆಯುಧಕ್ಕೆ ನಿತ್ಯ ಪೂಜೆಯನ್ನು ಸಲ್ಲಿಸಿದರಲ್ಲಾ ಎಂಬುದರಲ್ಲಿ.

ಕನ್ನಡ ನೆಲದಲ್ಲಿ ಇಂಥ ವಸ್ತುಗಳನ್ನು ಬೇರೆಯ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ, 1842ರಲ್ಲಿ ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡ ಡಾಕ್ಟರ್ ಪ್ರಿಮ್ರೋಸ್ ಎಂಬಾತನ ಹೆಸರು ಬರುತ್ತದೆ. ಅದಕ್ಕೆ ಬಹಳ ಹಿಂದೆಯೇ, 1797ರಲ್ಲಿ, ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯ ಇಟ್ಟಿಗೆಮಣ್ಣಿನ ಗುಂಡಿಯಲ್ಲಿ ಹನ್ನೆರಡು ಅಡಿಯ ಆಳದಿಂದ ಬಂದ ಕಲ್ಲುಗಳನ್ನು ನೋಡಿ, ಲೋಹವನ್ನರಿಯದ ಜನರು ಮಾಡಿದ ಆಯುಧಗಳಿವು ಎಂದು ಜಾನ್ ಫ್ರೀರ್ ಎಂಬುವನು ಪತ್ರ ಬರೆದಿದ್ದನು. ಪತ್ರ ಅಚ್ಚಾಯಿತು, ಆಮೇಲೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ. ಕಾಣುವುದೊಂದು, ಕಂಡದ್ದು ಇತರರಿಗೆ ಬೇಕೆನಿಸುವುದು ಮತ್ತೊಂದು. ಎರಡೂ ಕೂಡಿಬಂದದ್ದು ರಾಬರ್ಟ್ ಬ್ರೂಸ್ ಫೂಟನ ಕಾಲಕ್ಕೆ. ಭಾರತದ ಭೂಸರ್ವೇಕ್ಷಣ ಇಲಾಖೆಯಲ್ಲಿದ್ದ ಈ ತರುಣನು 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಗರಸನ್ನು ಅಗೆದಿದ್ದ ಗುಂಡಿಯೊಂದರಿಂದ ಕೆತ್ತಿದ ಕಲ್ಲೊಂದನ್ನು ಎತ್ತಿಕೊಂಡನು. ಅಲ್ಲಿಂದ ಮುಂದೆ ನಾಲ್ಕು ದಶಕ, ಸರ್ಕಾರದ ಕೆಲಸಕ್ಕೆಂದು ಬಂಡೆಗಳನ್ನೂ ಖನಿಜಗಳನ್ನೂ ಹುಡುಕುತ್ತ ಮಲಪ್ರಭೆ ಘಟಪ್ರಭೆಗಳ ದಡದಲ್ಲಿಯೂ ಬಳ್ಳಾರಿ ರಾಯಚೂರುಗಳ ಬಯಲಿನಲ್ಲಿಯೂ ತಿರುಗಿದ ಕಾಲದಲ್ಲೆಲ್ಲ ಅವನ ಇನ್ನೊಂದು ಕಣ್ಣು ನೆಲದ ಮೇಲೆಯೇ ಇತ್ತು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಅಧಿಕಾರಿಯಾದವನೂ ಈತನೇ. ಅವನು ಕೂಡಿಸಿದ್ದ ರಾಶಿಯನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಅದರ ವಿವರವಾದ ಪಟ್ಟಿ ಪೂರ್ತಿಯಾಗಿ ಪ್ರಕಟವಾದದ್ದು 1912ರಲ್ಲಿ ಅವನು ತೀರಿಕೊಂಡ ಮೇಲೆ.

ಫೂಟನ ಹಿರಿಮೆಯನ್ನು ಅವನು ಆಯ್ದ ಕಲ್ಲುಗಳ ಸಂಖ್ಯೆಯಿಂದ ಅಳೆಯುವವರುಂಟು. ನನಗೆ ಅದು ಕಾಣುವುದು ಅವನು ಬಿಸುಡದೆ ಉಳಿಸಿಕೊಂಡ ಕಲ್ಲುಗಳಲ್ಲಿ. ಸಂಗ್ರಹಕಾರನ ಚಪಲವೆಲ್ಲ ಅಂದವಾದ, ಅಖಂಡವಾದ, ಹೊಳೆಯುವ ವಸ್ತುವಿನ ಮೇಲೆ. ಆದರೆ ಪೂರ್ಣಗೊಂಡ ಆಯುಧವೆಂಬುದು ಬಲು ಮೌನಿಯಾದ ಸಾಕ್ಷಿ, ಏಕೆಂದರೆ ಕಡೆಯ ಉಜ್ಜಾಟದಲ್ಲಿ ಹಿಂದಿನ ಎಲ್ಲ ಕೆಲಸದ ಗುರುತುಗಳೂ ಅಳಿಸಿಹೋಗಿರುತ್ತವೆ. ಅರ್ಧಕ್ಕೆ ನಿಂತದ್ದು, ಕೈತಪ್ಪಿ ಒಡೆದದ್ದು, ಬೇಸತ್ತು ಎಸೆದದ್ದು ಮಾತ್ರವೇ ತನ್ನ ಕಥೆಯನ್ನು ಮುಚ್ಚಿಡದೆ ಹೇಳುತ್ತವೆ. ಹಿರೇಗುಡ್ಡದ ನೆತ್ತಿಯಲ್ಲಿಯೂ ಇಳಿಜಾರಿನಲ್ಲಿಯೂ ಅಂಥವು ರಾಶಿರಾಶಿಯಾಗಿ ಬಿದ್ದಿದ್ದವು. ಅವನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಕೆಲಸದ ನಾಲ್ಕು ಹಂತಗಳು ಫೂಟನಿಗೆ ಗೋಚರಿಸಿದುವು. ಕರಿಯ ಪಟ್ಟೆಯಿಂದ ಎಬ್ಬಿಸಿದ ಗಟ್ಟಿಯನ್ನು ಗುಂಡುಕಲ್ಲಿನಿಂದ ಹೊಡೆದು ಚಕ್ಕೆಗಳನ್ನು ಹಾರಿಸಿ ಒರಟಾಗಿ ಕೊಡಲಿಯ ಆಕಾರಕ್ಕೆ ತರುವುದು ಮೊದಲನೆಯದು. ಚಕ್ಕೆ ಎದ್ದ ಕಡೆ ಉಳಿದ ಏಣುಗಳನ್ನು, ಬೀಸುವ ಕಲ್ಲಿಗೆ ಮುಳ್ಳು ಹೊಡೆಯುವವರು ಕುಕ್ಕುವಂತೆ, ಸಣ್ಣಸಣ್ಣ ಪೆಟ್ಟುಗಳಿಂದ ಕುಕ್ಕಿ ತಗ್ಗಿಸುವುದು ಆಮೇಲಿನ ಕೆಲಸ. ಅನಂತರ ನೀರೂ ಮರಳೂ ಸೇರಿಸಿ ಬಂಡೆಗೆ ಉಜ್ಜಬೇಕು. ಎಲ್ಲ ಮುಗಿದ ಮೇಲೆ ಬಾಯಿಗೆ, ಕೆಲವು ಸಲ ಮೈಗೆಲ್ಲ, ಮಿರುಗು ಬರುವಂತೆ ನಯಗೊಳಿಸಬೇಕು. ಒಂದು ಊರಿನ ಅಗತ್ಯಕ್ಕೆ ಇಷ್ಟು ಚಕ್ಕೆ ಬೀಳುವುದಿಲ್ಲ. ಇದೊಂದು ಕಾರ್ಖಾನೆ, ಇಲ್ಲಿ ಆದ ಕೊಡಲಿಗಳು ಇತರ ಊರುಗಳಿಗೆ ಹೋಗಿರಬೇಕು. ಫೂಟನ ಈ ಊಹೆಯನ್ನು ಮುಂದೆ 1948ರಲ್ಲಿ ಸಂಗನಕಲ್ಲಿನಲ್ಲಿ ಅಗೆದ ಬಿ. ಸುಬ್ಬರಾಯರೂ, ನಮ್ಮ ಕಾಲದಲ್ಲಿ ಅಲ್ಲಿ ಮತ್ತೆ ಮತ್ತೆ ಕೆಲಸ ಮಾಡಿದ ವಿದ್ವಾಂಸರೂ ತಿದ್ದಿ ತೀಡಿ ಬೆಳೆಸಿದರಲ್ಲದೆ ಅಲ್ಲಗಳೆಯಲಿಲ್ಲ.

ಕೊಡಲಿ, ಕೊಡಲಿ ಎಂದು ಇಷ್ಟು ಹೊತ್ತು ಹೇಳುತ್ತ ಬಂದೆನಷ್ಟೆ. ಅವೆಲ್ಲ ಕೊಡಲಿಗಳೇ ಎಂಬ ನನ್ನ ಭ್ರಮೆಯನ್ನು ಬಿಡಿಸಿದವರು ಯಾವ ಪುರಾತತ್ತ್ವಜ್ಞರೂ ಅಲ್ಲ. ಮನೆಯ ಬಾಗಿಲಿಗೆ ಹೊಸ ಹೊಸ್ತಿಲು ಕೂರಿಸುತ್ತಿದ್ದ ವೃದ್ಧ ಬಡಗಿಯೊಬ್ಬರಿಗೆ, ಅವರು ಎಲೆಯಡಿಕೆ ಹಾಕಿಕೊಳ್ಳಲು ಕುಳಿತ ಬಿಡುವಿನಲ್ಲಿ, ಇಂಥ ಕಲ್ಲುಗಳ ಚಿತ್ರಗಳಿದ್ದ ಪುಸ್ತಕವೊಂದನ್ನು ತೋರಿಸಿದೆ. ಎದುರಿನಿಂದ ನೋಡಿದಂತೆಯೂ ಮಗ್ಗುಲಿನಿಂದ ನೋಡಿದಂತೆಯೂ ಒಂದೊಂದನ್ನೂ ಎರಡೆರಡು ಸಲ ಬರೆದಿದ್ದರು. ಅವರು ಎದುರುನೋಟದ ಕಡೆಗೆ ಕಣ್ಣೆತ್ತಿಯೂ ನೋಡದೆ ಮಗ್ಗುಲ ಚಿತ್ರಗಳ ಮೇಲೆಯೇ ಬೆರಳಾಡಿಸಿ, "ಇದು ಕೊಡಲಿ ಸ್ವಾಮಿ, ಇದು ಮಾತ್ರ ಬಾಚಿ. ಬಾಯಿ ನೋಡಿ, ಸಾಣೆ ಒಂದೇ ಮಗ್ಗುಲಿಗೆ ಹಿಡಿದವ್ರೆ" ಎಂದರು. ಕೊಡಲಿಯ ಬಾಯಿ ಕಾವಿನ ನೇರಕ್ಕೆ ಇರುತ್ತದೆ. ಮರವನ್ನು ಎರಡು ಕಡೆಗೂ ಸಮನಾಗಿ ಸೀಳಿಕೊಂಡು ಇಳಿಯಬೇಕಾದುದರಿಂದ ಅದನ್ನು ಎರಡು ಮಗ್ಗುಲಿಗೂ ಸಮನಾಗಿ ಮಸೆಯುತ್ತಾರೆ. ಬಾಚಿಯ ಬಾಯಿ ಕಾವಿಗೆ ಅಡ್ಡಲಾಗಿ ಇರುತ್ತದೆ. ಅದು ಮರದ ಮೈಯನ್ನು ಸವರಿಕೊಂಡು ಹೊಪ್ಪಳಿಕೆ ಎಬ್ಬಿಸಬೇಕಾದದ್ದು, ಆದಕಾರಣ ಒಂದು ಮೈ ಚಪ್ಪಟೆಯಾಗಿದ್ದು ಇನ್ನೊಂದರಲ್ಲಿ ಮಾತ್ರ ಓರೆ ಇರಬೇಕು. ಕಾವು ಮಣ್ಣಾಗಿ ಮೂರು ಸಾವಿರ ವರ್ಷ ಕಳೆದಿದ್ದರೂ ಅದು ನಿಂತಿದ್ದ ದಿಕ್ಕು ಆ ಓರೆಯಲ್ಲಿ ಉಳಿದಿದೆ. ಪುರಾತತ್ತ್ವಜ್ಞರು ಕೊಡಲಿ, ಬಾಚಿ, ಉಳಿ, ಬೆಣೆ ಎಂದು ಈ ಕಲ್ಲುಗಳನ್ನು ವಿಂಗಡಿಸುವುದೂ ಇದೇ ಲಕ್ಷಣಗಳನ್ನು ಹಿಡಿದೇ. ನಮ್ಮ ಬಡಗಿಗಳು ಅದನ್ನು ಎಲೆಗೆ ಸುಣ್ಣ ಸವರಿ ಮಡಿಸುವುದರೊಳಗಾಗಿ ತೀರ್ಮಾನಿಸಿದರು. ಮತ್ತೆ ಇನ್ನೊಂದು ಚಿತ್ರವನ್ನು ನೋಡಿ, "ಇದನ್ನ ಯಾರೋ ಕೊಡಲಿ ಮಾಡಿ, ಬಾಯಿ ಹೋದ ಮೇಲೆ ಸುತ್ತಿಗೆ ಮಾಡಿಕೊಂಡವ್ರೆ" ಎಂದೂ ಸೇರಿಸಿದರು. ಅದರ ಕೆಳಗೆ ಅಚ್ಚಾಗಿದ್ದ ವಿವರಣೆಯಲ್ಲಿ ಕೊಡಲಿಯೆಂದಷ್ಟೇ ಇತ್ತು.

ಎಲ್ಲ ಕಲ್ಲುಗಳೂ ಇಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ. ನಡುವೆ ತೂತು ಕೊರೆದ ಗುಂಡನೆಯ ಕಲ್ಲುಗಳು ಇದೇ ನೆಲೆಗಳಲ್ಲಿ ದೊರೆಯುತ್ತವೆ. ದೊಣ್ಣೆಯ ತುದಿಗೆ ತೊಡಿಸಿ ಶತ್ರುವಿನ ತಲೆಗೆ ಹೊಡೆಯುವ ಗದೆಯೆಂದು ಕೆಲವರು ಹೇಳುವರು. ದಕ್ಷಿಣ ಆಫ್ರಿಕದ ಬೇಟೆಗಾರ ಜನರ ಹೆಂಗಸರು ಗೆಡ್ಡೆಗೆಣಸುಗಳನ್ನು ಅಗೆಯುವ ಕೋಲಿಗೆ ಭಾರ ಬರಲೆಂದು ಇಂಥದೇ ಕಲ್ಲನ್ನು ಪೋಣಿಸುತ್ತಿದ್ದುದನ್ನು ನೆನೆದು, ಇದು ಅಗೆಗೋಲಿನ ತೂಕವೆಂದು ಇನ್ನು ಕೆಲವರು ಹೇಳುವರು. ಒಂದೇ ವಸ್ತು ಒಬ್ಬರ ಕಣ್ಣಿಗೆ ಯೋಧನ ಆಯುಧ, ಇನ್ನೊಬ್ಬರ ಕಣ್ಣಿಗೆ ಅಡುಗೆಯ ಚಿಂತೆಯುಳ್ಳ ಗೃಹಿಣಿಯ ಸಾಧನ! ಹಳೆಯ ವಿದ್ವಾಂಸರು ಸಂದೇಹ ಬಂದಾಗಲೆಲ್ಲ ಗದೆಯ ಕಡೆಗೇ ವಾಲಿದ್ದಕ್ಕೆ ಕಲ್ಲಿಗಿಂತ ಹೆಚ್ಚಾಗಿ ಅವರ ಮನೋಧರ್ಮವೇ ಕಾರಣವೆಂದು ನನ್ನ ಗುಮಾನಿ. ಕಬ್ಬಿಣದ ಯುಗಕ್ಕೆ ಬಂದರೂ ಇಂಥ ಒಗಟುಗಳು ಮುಗಿಯುವುದಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳಲ್ಲಿ ಚಪ್ಪಟೆಯಾದ ಕಬ್ಬಿಣದ ಕೊಡಲಿಗಳೊಡನೆ, ಒಂದರ ಮೇಲೊಂದು ಓರೆಯಾಗಿ ಹಾಯ್ದ ಕಬ್ಬಿಣದ ಪಟ್ಟಿಗಳು ಸಿಗುತ್ತವೆ. ಬಿಡಿಯಾಗಿ ಕಂಡರೆ ಅದು ಕಡಗವೋ ಕುದುರೆಯ ಜೀನಿನ ಕೊಂಡಿಯೋ ಎಂದು ಬಗೆಹರಿಯದು. ಕೊಡಲಿಯ ಮೈಗೆ ಅಂಟಿಕೊಂಡಂತೆಯೇ ಕೆಲವು ದೊರೆತುದರಿಂದ, ತೂತಿಲ್ಲದ ಆ ಕೊಡಲಿಯನ್ನು ಕಾವಿಗೆ ಬಿಗಿದ ಕಟ್ಟು ಅದೆಂಬುದು ನಿಶ್ಚಯವಾಯಿತು. ವಸ್ತುವನ್ನು ಅದು ಬಿದ್ದಿದ್ದ ನೆಲೆಯಿಂದ ಕದಲಿಸಿ ಮನೆಗೆ ತಂದವನು, ಎಷ್ಟೇ ಭಕ್ತಿಯಿಂದ ತಂದಿರಲಿ, ಅದರ ನಾಲಗೆಯನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಆಕಾರದಿಂದಲೂ ನೆಲೆಯಿಂದಲೂ ತಿಳಿಯದಿದ್ದಾಗ ಉಳಿಯುವುದು ಸವೆತವೊಂದೇ. ಈಜಿಪ್ಟಿನ ಚಕಮಕಿ ಕಲ್ಲಿನ ಅಲಗುಗಳ ಅಂಚಿನಲ್ಲಿ ಎಣ್ಣೆ ಸವರಿದಂತೆ ಕಾಣುವ ಹೊಳಪೇಕೆ ಇದೆಯೆಂದು ವಿಚಾರಿಸಿದ ಸ್ಪರೆಲ್ ಎಂಬಾತನು 1892ರಲ್ಲಿ, ಹುಲ್ಲನ್ನೂ ಪೈರನ್ನೂ ಕೊಯ್ದರೆ ಆ ಹೊಳಪು ಬರುವುದೆಂದು ತೋರಿಸಿದನು. ಹುಲ್ಲಿನ ಕಾಂಡದೊಳಗಿರುವ ಮರಳಿನಂಥ ಅಂಶ ಕಲ್ಲನ್ನು ದಿನದಿನವೂ ಉಜ್ಜುತ್ತ, ಕೊಯ್ದವನಿಗೆ ಗೊತ್ತಿಲ್ಲದಂತೆ, ಅವನ ಸುಗ್ಗಿಗಳ ಲೆಕ್ಕವನ್ನು ಅಲಗಿನ ಮೇಲೆ ಬರೆಯುತ್ತದೆ. ಈ ವಿದ್ಯೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವನು ಲೆನಿನ್‌ಗ್ರಾಡಿನ ಸೆಮ್ಯೊನೊವ್. 1957ರಲ್ಲಿ ಹೊರಬಂದ ಅವನ ಗ್ರಂಥ, ಕಲ್ಲಿನ ಮೇಲಿನ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಚರ್ಮವನ್ನು ಹದಮಾಡಿತೋ, ಎಲುಬನ್ನು ಕೊರೆಯಿತೋ, ಮರವನ್ನು ಕೆತ್ತಿತೋ ಎಂದು ಹೇಳಬಹುದೆಂದು ವಿದ್ವಜ್ಜಗತ್ತನ್ನು ಒಪ್ಪಿಸಿತು. ನಮ್ಮ ಅಜ್ಜಿಯರಿಗೆ ಈ ಶಾಸ್ತ್ರದ ಪರಿಚಯವಿರಲಿಲ್ಲವೆನ್ನಲಾರೆ. ಎರವಲು ಹೋಗಿ ಮರಳಿ ಬಂದ ಈಳಿಗೆ ಮಣೆಯ ಅಲಗನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ನೆರೆಮನೆಯಲ್ಲಿ ತರಕಾರಿ ಹೆಚ್ಚಿದರೋ ಹಲಸಿನಕಾಯಿ ಸೀಳಿದರೋ ಎಂಬುದನ್ನು ಹೇಳಬಲ್ಲವರು ಅವರಲ್ಲಿ ಇದ್ದರು.

ಸವೆತವೂ ಒಮ್ಮೊಮ್ಮೆ ದಾರಿತಪ್ಪಿಸುವುದುಂಟು. ಬಂಡೆಯಲ್ಲಿ ಗುಳಿ ಕಂಡೊಡನೆ ಧಾನ್ಯ ಕುಟ್ಟಿದ ಒರಳೆಂದು ಹೇಳಿಬಿಡುವುದು ನಮ್ಮ ಅಭ್ಯಾಸ. ಹಟ್ಟಿಯ ಚಿನ್ನದ ಸೀಮೆಯಲ್ಲಿ, ಪ್ರಾಚೀನರು ತೋಡಿ ಬಿಟ್ಟ ಗಣಿಗಳ ಬಳಿಯ ಬಂಡೆಗಳ ಮೇಲೆ ಇಂಥ ಗುಳಿಗಳಿವೆ. ಅಲ್ಲಿ ಕುಟ್ಟಿದ್ದು ಚಿನ್ನದ ಎಳೆಗಳನ್ನು ಹೊತ್ತ ಬೆಣಚುಕಲ್ಲು. ಗುಳಿಗೆ ಗುಳಿ ಒಂದೇ. ಒಂದರಲ್ಲಿ ಅಂಬಲಿ ಹುಟ್ಟಿತು, ಮತ್ತೊಂದರಲ್ಲಿ ಅರಸರ ಭಂಡಾರ.

ಸಹಸ್ರ ವರ್ಷಗಳ ಹಿಂದಿನ ಮಾತು ಹಾಗಿರಲಿ. ನೂರು ವರ್ಷದ ಹಿಂದೆ ನಮ್ಮದೇ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹತ್ಯಾರಗಳು ಈಗಾಗಲೇ ಸಿಡಿಲುಕಲ್ಲುಗಳಾಗುತ್ತಿವೆ. ಗೇಣುದ್ದದ ಉಕ್ಕಿನ ಕಡ್ಡಿಯೊಂದು, ಒಂದು ತುದಿ ಮುಳ್ಳಿನಂತೆ ಚೂಪಾಗಿ, ಇನ್ನೊಂದು ತುದಿ ಪುಟ್ಟ ಚೂರಿಯಂತೆ ಅಗಲವಾಗಿ, ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ, ಅದು ಶಸ್ತ್ರವೈದ್ಯನ ಸಂಚಿಯಿಂದ ಜಾರಿಬಿದ್ದಂತೆ ತೋರುತ್ತದೆ. ಓಲೆಗರಿಯ ಮೇಲೆ ಬರೆಯುವ ಕಂಠ ಅದು. ಚೂರಿಯ ತುದಿ ಗರಿಯ ಅಂಚನ್ನು ಓರಣಗೊಳಿಸುವುದಕ್ಕೆ. ಲಿಪಿಕಾರನು ಗರಿಯನ್ನು ಎಡಗೈಯಲ್ಲಿ ಹಿಡಿದು, ಆ ಕೈಯ ಹೆಬ್ಬೆರಳನ್ನೇ ಕಂಠಕ್ಕೆ ಆಸರೆಯಾಗಿ ಕೊಟ್ಟು, ಅಕ್ಷರಗಳನ್ನು ಗೀರಿ, ಅನಂತರ ಕಾಡಿಗೆಯನ್ನು ತಿಕ್ಕಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಬರಹ ಕಣ್ಣಿಗೆ ಕಾಣಿಸುತ್ತಿತ್ತು. ಗರಿಯ ನಾರಿನುದ್ದಕ್ಕೆ ನೇರಗೆರೆ ಎಳೆದರೆ ಅದು ಸೀಳಿಹೋಗುವುದೆಂಬ ಭಯದಿಂದಲೇ ನಮ್ಮ ಅಕ್ಷರಗಳು ಗುಂಡಗಾದುವೆಂದು ಹೇಳುವ ವಾಡಿಕೆಯೂ ಇದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಅಂಥ ಗರಿಗಳ ಕಟ್ಟುಗಳನ್ನು ಕಾಪಾಡಿಟ್ಟಿರುವರು. ಶಾಮಶಾಸ್ತ್ರಿಗಳು 1909ರಲ್ಲಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವೂ ಗರಿಯಿಂದ ಎದ್ದು ಬಂದದ್ದೇ. ಗರಿಗಳಿಗೆ ಕಪಾಟು ದೊರೆಯಿತು. ಬರೆದ ಕಂಠಗಳಲ್ಲಿ ಹೆಚ್ಚಿನವು ಹಳೆಯ ಕಬ್ಬಿಣದ ಜೊತೆಗೆ ತಕ್ಕಡಿ ಏರಿದುವು.

ಕಂಠಕ್ಕಿಂತಲೂ ಹೆಚ್ಚಾಗಿ ಜನರನ್ನು ಮರುಳುಗೊಳಿಸುವ ವಸ್ತು ಅಕ್ಕಸಾಲಿಗರ ಕಂಬಚ್ಚು. ದಪ್ಪನೆಯ ಉಕ್ಕಿನ ಪಟ್ಟಿ, ಮೈತುಂಬ ಸಾಲುಸಾಲಾಗಿ ತೂತುಗಳು. ನಾನು ಬಾಲ್ಯದಲ್ಲಿ ಕಂಡ ಒಂದು ಕಂಬ‌ಚ್ಚು ಬಂಧುಗಳ ಮನೆಯಲ್ಲಿ ಶಾವಿಗೆಯೊರಳಿನ ಬಿಲ್ಲೆಯೆಂಬ ಖ್ಯಾತಿಯಿಂದ ಗೂಡಿನಲ್ಲಿ ಕುಳಿತಿತ್ತು. ಅದು ಯಾವ ಶಾವಿಗೆಯೊರಳಿಗೂ ಹೊಂದುತ್ತಿರಲಿಲ್ಲವೆಂಬುದು ಯಾರ ನಂಬಿಕೆಯನ್ನೂ ಕದಲಿಸಿರಲಿಲ್ಲ. ನಿಧಾನವಾಗಿ ನೋಡಿದ್ದರೆ ಎರಡು ಸಂಗತಿಗಳು ಕಾಣುತ್ತಿದ್ದುವು. ತೂತುಗಳು ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಕಿರಿದಾಗುತ್ತ ಹೋಗಿವೆ. ಒಂದೊಂದು ತೂತೂ ಪಟ್ಟಿಯ ಒಂದು ಮೈಯಲ್ಲಿ ಅಗಲವಾಗಿದ್ದು ಇನ್ನೊಂದು ಮೈಯಲ್ಲಿ ಸಂಕುಚಿತವಾಗಿದೆ. ಸೋಸುವುದಕ್ಕಾದರೆ ಇಷ್ಟು ಕ್ರಮವಾದ ತಾರತಮ್ಯವೇಕೆ? ಚಿನ್ನದ ಇಲ್ಲವೆ ಬೆಳ್ಳಿಯ ಸಲಾಕೆಯ ಮೂತಿಯನ್ನು ಅಗಲವಾದ ಕಡೆಯಿಂದ ತೂರಿಸಿ, ಇಕ್ಕಳದಲ್ಲಿ ಹಿಡಿದು ಆಚೆಗೆ ಎಳೆದು, ಮುಂದಿನ ತೂತಿನಲ್ಲಿ ಮತ್ತೆ ಎಳೆದು, ಹೀಗೆ ಒಂದೊಂದಾಗಿ ದಾಟಿಸುತ್ತ ಹೋದರೆ ಕಡೆಯ ತೂತಿನಲ್ಲಿ ಸಲಾಕೆ ನೂಲಿನಂಥ ತಂತಿಯಾಗಿ ಹೊರಬರುತ್ತದೆ. ಪಟ್ಟಿಯಲ್ಲಿ ಯಾವ ಅಳತೆಯ ತೂತು ಹೆಚ್ಚು ಸವೆದಿದೆಯೆಂಬುದನ್ನು ನೋಡಿದರೆ, ಆ ಊರಿನ ಹೆಂಗಸರು ಎಂಥ ಸರವನ್ನು ಬಯಸುತ್ತಿದ್ದರೆಂಬುದನ್ನೂ ಊಹಿಸಬಹುದೇನೋ.

ಹೆಸರಿರುವುದರಿಂದಲ್ಲವೆ ಇಷ್ಟೆಲ್ಲ ಹೇಳಲು ಸಾಧ್ಯವಾದದ್ದು! ಕಂಬಚ್ಚೆಂಬ ಮಾತಿನಲ್ಲಿಯೇ ಕಂಬಿ ಎಳೆಯುವ ಅಚ್ಚು ಎಂಬ ಅರ್ಥ ಹುದುಗಿದೆ. ಈ ದೃಷ್ಟಿಯಿಂದ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಪಾದ್ರಿಯ ನಿಘಂಟನ್ನು ನಾನು ಉಪಕರಣಗಳ ವಸ್ತುಸಂಗ್ರಹಾಲಯವೆಂದೇ ಭಾವಿಸುತ್ತೇನೆ. ಒಕ್ಕಲಿಗ, ಬಡಗಿ, ಕಮ್ಮಾರ, ನೇಕಾರರ ಹತ್ಯಾರಗಳ ಹೆಸರುಗಳು ಕವಿಸಮಯದ ಶಬ್ದಗಳ ಪಕ್ಕದಲ್ಲಿ ಸಂಕೋಚವಿಲ್ಲದೆ ಕುಳಿತಿರುವ ಆ ಪುಟಗಳಲ್ಲಿ, ವಸ್ತು ಕಣ್ಮರೆಯಾದ ಮೇಲೂ ಹೆಸರು ಅದಕ್ಕಾಗಿ ಕಾದುಕೊಂಡಿದೆ. ಅದಕ್ಕೂ ಹಿಂದೆ, 1800ರಲ್ಲಿ, ಟಿಪ್ಪುವಿನ ಪತನವಾದ ಮರುವರ್ಷ, ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ರೈತನ ನೇಗಿಲು, ಕುಂಟೆ, ಕೂರಿಗೆಗಳನ್ನು ಕಂಡಲ್ಲಿ ಅವುಗಳ ಹೆಸರನ್ನು ಕೇಳಿ ಬರೆದುಕೊಂಡುದಲ್ಲದೆ, 1807ರಲ್ಲಿ ಪ್ರಕಟವಾದ ತನ್ನ ಮೂರು ಸಂಪುಟಗಳಲ್ಲಿ ಅವುಗಳ ಚಿತ್ರಗಳನ್ನೂ ಸೇರಿಸಿದನು. ಅವನ ಉದ್ದೇಶ ಕಂಪನಿಯ ಆದಾಯದ ಲೆಕ್ಕಾಚಾರವಾಗಿತ್ತೆಂಬುದು ನಿಜ. ಆದರೂ ಹೆಸರು, ಚಿತ್ರ, ಉಪಯೋಗ ಮೂರನ್ನೂ ಒಂದೆಡೆ ಕಟ್ಟಿಟ್ಟ ಉಪಕಾರ ಅವನಿಂದ ಆಯಿತು. ಬೀಜವನ್ನು ಬಟ್ಟಲಿಗೆ ಸುರಿದರೆ ಬಿದಿರಿನ ಕೊಳವೆಗಳ ಮೂಲಕ ಹಲವು ಸಾಲುಗಳಲ್ಲಿ ಒಂದೇ ಸಲಕ್ಕೆ ಬಿತ್ತುವ ಕೂರಿಗೆಯನ್ನು ಬಿಡಿಬಿಡಿಯಾಗಿ ಕಂಡವನು ಏನೆಂದು ಗುರುತಿಸಬಲ್ಲನು? ತೂತುಬಿದ್ದ ಮರದ ಬಟ್ಟಲೊಂದು, ನಾಲ್ಕಾರು ಬಿದಿರಿನ ಕೊಳವೆ, ಹಲ್ಲುಗಳಿರುವ ದಿಂಡೊಂದು. ಕೊಳವೆಯನ್ನು ಎತ್ತಿಕೊಂಡವನು ಊದಿ ನೋಡಿದರೂ ಆಶ್ಚರ್ಯವಿಲ್ಲ. ಇಂದು ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆ ಬಂದಿದೆ. ಉತ್ತರ ಕರ್ನಾಟಕದಲ್ಲಿ ಹೊಲವನ್ನು ಇಷ್ಟು ಕೂರಿಗೆಯ ಭೂಮಿಯೆಂದು ಅಳೆದು ಹೇಳುತ್ತಿದ್ದ ಮುದುಕರ ಮಾತಿನಲ್ಲಿ ಮಾತ್ರ ಮರದ ಕೂರಿಗೆ ಇನ್ನೂ ಸಾಲು ಎಳೆಯುತ್ತಿದೆ.

ಇಷ್ಟಾದ ಮೇಲೆ ಮೂಲೋದ್ದೇಶವೆಂಬ ಶಬ್ದದ ಮೇಲೆಯೇ ನನಗೆ ಒಂದು ಸಣ್ಣ ಶಂಕೆಯಿದೆ. ಬಡಗಿಗಳು ತೋರಿಸಿದ ಆ ಕಲ್ಲು ಕೊಡಲಿಯಾಗಿ ಹುಟ್ಟಿ ಸುತ್ತಿಗೆಯಾಗಿ ದುಡಿಯಿತು. ಅದರಂಥದೇ ಇನ್ನೊಂದು ಸಿಡಿಲಾಯಿತು, ಮತ್ತೊಂದು ಗಣಪತಿಯ ಸನ್ನಿಧಿಗೆ ಸೇರಿತು. ನಮ್ಮ ಊರುಗಳಲ್ಲಿ ಒಡೆದ ಬೀಸುವ ಕಲ್ಲು ಬಚ್ಚಲಿಗೆ ಹಾಸುಗಲ್ಲಾಗುತ್ತದೆ, ರುಬ್ಬುವ ಗುಂಡು ಕಳೆದುಹೋದ ಒರಳಿನಲ್ಲಿ ಕೋಳಿಗಳು ನೀರು ಕುಡಿಯುತ್ತವೆ, ಭತ್ತ ಕುಟ್ಟುವುದು ನಿಂತ ಮೇಲೆ ಒನಕೆ ಬಾಗಿಲಿಗೆ ಅಗಣಿಯಾಗುತ್ತದೆ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಓಬವ್ವನ ಕೈಯಲ್ಲಿದ್ದ ಒನಕೆ ಭತ್ತಕ್ಕೆಂದು ಹುಟ್ಟಿದ್ದೆಂಬುದನ್ನು ಯಾರು ನೆನೆಯುತ್ತಾರೆ? ವಸ್ತುಸಂಗ್ರಹಾಲಯದ ಚೀಟಿಯಲ್ಲಿ ಒಂದೇ ಒಂದು ಉಪಯೋಗವನ್ನು ಬರೆದು ಮುಗಿಸುವುದು, ಒಬ್ಬ ವೃದ್ಧನ ಜೀವನಚರಿತ್ರೆಯಲ್ಲಿ ಅವನ ನಾಮಕರಣದ ದಿನವನ್ನು ಮಾತ್ರ ಬರೆದಂತೆ ಎಂದು ನನಗೆ ತೋರುತ್ತದೆ. ಚೀಟಿಯಲ್ಲಿ ಜಾಗ ಸಾಲದೆಂಬ ಕಾರಣವನ್ನು ಒಪ್ಪುತ್ತೇನಾದರೂ.

ಬಳ್ಳಾರಿಯಲ್ಲಿ ಈಗ ಫೂಟನ ಹೆಸರನ್ನು ಹೊತ್ತ ವಸ್ತುಸಂಗ್ರಹಾಲಯವಿದೆ. ಸಂಗನಕಲ್ಲಿನ ಕಲ್ಲುಗಳು ಗಾಜಿನ ಹಿಂದೆ ಶುಭ್ರವಾಗಿ ಮಲಗಿವೆ. ಅವನ್ನು ನೋಡಿದವರು ಗುಡ್ಡಗಳ ಬಳಿಗೂ ಹೋಗಬೇಕು. ದೂರದಿಂದಲೇ ಕಲ್ಲುಗಣಿಯ ಯಂತ್ರಗಳ ಸದ್ದು ಕೇಳಿಸಿದರೆ ಬೆದರಬಾರದು. ಕೊಡಲಿಗಾಗಿ ಅಗೆದ ಈ ಸೀಮೆಯ ಕಲ್ಲನ್ನು ಈಚಿನವರು ರಸ್ತೆಗೂ ಕಟ್ಟಡಕ್ಕೂ ಒಡೆದಿರುವರು. ಗ್ರಾನೈಟ್ ಬಂಡೆಗಳ ಮೇಲೆ ಅಲ್ಲಲ್ಲಿ, ದೋಣಿಯ ಒಡಲಿನಂತೆ ಉದ್ದಕ್ಕೆ ಸವೆದ ನುಣ್ಣನೆಯ ತಗ್ಗುಗಳು ಕಾಣಸಿಗುತ್ತವೆ. ಮರಳು ನೀರುಗಳೊಡನೆ ಕೊಡಲಿಯನ್ನು ಉಜ್ಜಿ ಬಾಯಿ ಬರಿಸಿದ ಸ್ಥಳಗಳವು. ಕಾವು, ಕೈ, ಹೆಸರು ಯಾವುದೂ ಅಲ್ಲಿಲ್ಲ. ಆದರೆ ತಗ್ಗಿನ ಒಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯನ್ನು ಅದರೊಳಗೆ ಇಟ್ಟು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ, ತೋಳು ಚಾಚುವುದು ನಿಲ್ಲುವ ಕಡೆಗೇ ತಗ್ಗೂ ನಿಲ್ಲುತ್ತದೆ.